ಉಳವಿಯಲ್ಲಿ ಬಿಟ್ಟ ತಪ್ಪಲು

ಕೈ ಸೋತರೆ ರೊಟ್ಟಿ ಹೇಳಿಬಿಡುತ್ತದೆ. ಬಡಿಯುವ ಕೈಯಲ್ಲಿ ಕಸುವಿದ್ದರೆ ಜೋಳದ ಹಿಟ್ಟು ಅಂಚಿನವರೆಗೂ ಒಂದೇ ಸಮನೆ ಹರಡಿಕೊಳ್ಳುತ್ತದೆ. ಕಸುವು ಹೋದರೆ ನಡುವೆ ದಪ್ಪ, ಅಂಚಿಗೆ ತೆಳು, ಹಂಚಿನ ಮೇಲೆ ಹಾಕುವಷ್ಟರಲ್ಲಿ ಹರಕು. ದಾಂಡೇಲಿಯ ಬಂಗೂರನಗರದ ಹಿಂಬದಿಯ ಸಿದ್ದಕ್ಕನ ಖಾನಾವಳಿಯಲ್ಲಿ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಶಂಕ್ರೆವ್ವನ ರೊಟ್ಟಿಗಳು ಹೀಗೆ ಹರಿಯತೊಡಗಿದವು. ಕಾಗದದ ಗಿರಣಿಯ ಪಾಳಿ ಮುಗಿಸಿ ಬರುವ ಗಂಡಸರು ಮೊದಮೊದಲು ಏನೂ ಅನ್ನಲಿಲ್ಲ. ಆಮೇಲೆ ಅಂದರು.

"ಶಂಕ್ರಕ್ಕ, ಇದ ರೊಟ್ಟಿಯೋ, ಗೋವಾದ ನಕಾಶೆಯೋ?"

ಸಿದ್ದಕ್ಕ ದುಡ್ಡಿನ ಗಲ್ಲೆಯ ಹಿಂದೆ ಕೂತಲ್ಲಿಂದಲೇ ಕೂಗಿದಳು. "ಆಕೀ ಕೈ ನೋಡ್ರಿ. ರೊಟ್ಟಿ ಬಡ್ಯಾಕತ್ತಾಳೋ, ರೊಟ್ಟಿಗಿ ಲಾಲಿ ಹಾಡಾಕತ್ತಾಳೋ ತಿಳೀವಲ್ದು."

ಶಂಕ್ರೆವ್ವ ನಕ್ಕಳು. ನಗುವುದಕ್ಕೂ ಒಂದಿಷ್ಟು ಉಸಿರು ಬೇಕು ಎಂಬುದು ಈಚೆಗೆ ಅವಳ ಗಮನಕ್ಕೆ ಬಂದಿತ್ತು. ಹಿತ್ತಲ ನಲ್ಲಿಯಿಂದ ಒಂದು ಕೊಡ ನೀರು ತಂದರೆ ಎದೆ ಡವಗುಟ್ಟುತ್ತಿತ್ತು. ಒಲೆಯ ಮುಂದೆ ಕೂತು ಏಳುವಾಗ ಕಣ್ಣಿಗೆ ಕತ್ತಲೆ ಕವಿದು, ಗೋಡೆ ಹಿಡಿದು ಆ ಕತ್ತಲೆ ಇಳಿಯುವವರೆಗೆ ನಿಲ್ಲಬೇಕಾಗುತ್ತಿತ್ತು. ನಲವತ್ತೇಳರ ಹೆಂಗಸು. ಮುಟ್ಟು ನಿಲ್ಲುವ ಕಾಲ. ನಿಲ್ಲುವ ಮೊದಲು ಹೊಳೆಯೂ ಒಮ್ಮೆ ಉಕ್ಕುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಆದರೆ ಆ ದಿನ ಹಂಚಿನ ಮುಂದೆಯೇ ಬಾಗಿ, ಹಿಟ್ಟಿನ ಚೀಲಕ್ಕೆ ಒರಗಿಕೊಂಡವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು.

ಸಿದ್ದಕ್ಕ ಬಂದು ಅವಳ ಕೆಳರೆಪ್ಪೆ ಜಗ್ಗಿ ನೋಡಿದಳು. ಬಾಯಿ ಜೋರಿನ ಹೆಂಗಸು, ಆಗ ದನಿ ಇಳಿಸಿದಳು.

"ಬಿಳೇ ಹಾಳಿ ಆಗೇತೆಲ್ಲೇ ಇದು. ನಾಳಿಗಿ ಕೆಲಸಕ್ಕ ಬರಬ್ಯಾಡ. ದವಾಖಾನಿಗಿ ಹೋಗು."

ದವಾಖಾನೆಯ ಡಾಕ್ಟರಮ್ಮ ದಕ್ಷಿಣದ ಸೀಮೆಯವಳು, ಮೆಲ್ಲಗೆ ಮಾತಾಡುವವಳು. ಬೆರಳು ಚುಚ್ಚಿಸಿ ರಕ್ತ ನೋಡಿಸಿದಳು. "ಹನ್ನೆರಡು ಇರಬೇಕಾದ ಕಡೆ ಏಳು ಇದೆ ಕಣಮ್ಮ. ಇಷ್ಟು ದಿನ ಹೇಗೆ ಓಡಾಡಿದಿರಿ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಗುಳಿಗೆ ಬರೆದಳು. ಬರೆಯುತ್ತಲೇ ಕೇಳಿದಳು.

"ಸೊಪ್ಪು ತಿಂತೀರಾ?"

"ದಿನಾ ಮಾಡತೇನ್ರಿ," ಎಂದಳು ಶಂಕ್ರೆವ್ವ. "ಮೆಂತೆ, ರಾಜಗಿರಿ, ಪುಂಡಿ. ಖಾನಾವಳ್ಯಾಗ ತಪ್ಪಲ ಪಲ್ಯ ಇಲ್ಲದ ದಿನಾನ ಇಲ್ರಿ."

ಅದು ಸುಳ್ಳಲ್ಲ. ಕೊತ್ತಂಬರಿ ಕಟ್ಟಿನಿಂದ ಹಿಡಿದು ಪುಂಡಿಯ ಹೊರೆಯವರೆಗೆ ಸೋಸಿ, ಮೂರು ನೀರಿನಲ್ಲಿ ತೊಳೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬೇಯಿಸುವವಳು ಅವಳೇ. ವಾಸನೆಯಿಂದಲೇ ಉಪ್ಪು ಹೇಳುತ್ತಿದ್ದಳು. ತಾನು ಮಾತ್ರ ಐದು ವರ್ಷಗಳಿಂದ ಒಂದು ಎಲೆಯನ್ನೂ ಬಾಯಿಗೆ ಇಟ್ಟಿರಲಿಲ್ಲ. ಅದನ್ನು ಹೇಳಲಿಲ್ಲ. ಡಾಕ್ಟರಮ್ಮ ತುಸು ಹೊತ್ತು ಯೋಚಿಸಿದಳು. ದಿನಾ ಸೊಪ್ಪು ತಿನ್ನುವ ಹೆಂಗಸಿಗೆ ರಕ್ತ ಯಾಕೆ ಇಷ್ಟು ಇಳಿಯಬೇಕು?

"ಊಟ ಆದ ಕೂಡಲೇ ಚಹಾ ಕುಡೀತೀರಾ?"

"ಊಟಾದ ಮ್ಯಾಲೆ ಒಂದು, ಊಟದ ಮುಂಚೆ ಒಂದು. ನಡಬರಕ ಯಾರರೆ ಕೊಟ್ರ ಒಂದು."

"ಅದೇ ನೋಡಿ. ಚಹಾದ ಎಲೆಯಲ್ಲಿ ಒಂದು ಒಗರು ಇರತ್ತಲ್ಲ, ನಾಲಗೆ ಹಿಡಿದ ಹಾಗೆ ಆಗತ್ತಲ್ಲ, ಅದು ಸೊಪ್ಪಿನ ಒಳಗಿನ ಕಬ್ಬಿಣದ ಅಂಶವನ್ನ ಹಿಡಿದುಕೊಂಡು ಬಿಡತ್ತೆ. ಮೈಗೆ ಹತ್ತೋಕೆ ಬಿಡಲ್ಲ. ಊಟದ ಹಿಂದೆ ಮುಂದೆ ಒಂದೊಂದು ತಾಸು ಚಹಾ ಬೇಡ. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ನೆಲ್ಲಿಕಾಯಿ ಸಿಕ್ಕರೆ ಇನ್ನೂ ಒಳ್ಳೇದು. ಆ ಹುಳಿ ಇದ್ದರೆ ಕಬ್ಬಿಣ ಬೇಗ ರಕ್ತಕ್ಕೆ ಇಳಿಯತ್ತೆ. ಒಂದು ತಿಂಗಳು ಬಿಟ್ಟು ಬನ್ನಿ. ಏರಲಿಲ್ಲ ಅಂದರೆ ಹುಬ್ಬಳ್ಳಿಗೆ ಕಳಿಸಿ ರಕ್ತ ಹಾಕಿಸಬೇಕು. ಇಷ್ಟರ ಮೇಲೆ ಹೃದಯ ಎಷ್ಟು ದಿನ ಎಳೆಯತ್ತೆ, ಹೇಳಿ."

ಶಂಕ್ರೆವ್ವ ತಲೆ ಅಲ್ಲಾಡಿಸಿದಳು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ತಾನು ಹಿಂಡಿಕೊಳ್ಳಬೇಕಾದ ನಿಂಬೆಹಣ್ಣಿನ ಕೆಳಗೆ ಸೊಪ್ಪೇ ಇಲ್ಲವಲ್ಲ ಎಂದು ಅನ್ನಿಸಿತು. ಮನೆಗೆ ನಡೆಯುವ ದಾರಿ ಇಳಿಜಾರಿನದು. ಆದರೂ ಎರಡು ಕಡೆ ಕೂತು ಎದ್ದಳು.

ಅವಳ ತವರು ತೇರಗಾಂವ. ಅಲ್ಲಿ ಹಿಂಗಾರಿ ಜೋಳ ಮೊಳಕಾಲುದ್ದ ಬೆಳೆದಾಗ ಅವ್ವ ಕಾಶೆವ್ವ ಅವಳನ್ನು ಕರೆದುಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಸಾಲಿನ ನಡುವೆ ತಾನಾಗಿ ಹುಟ್ಟಿದ ಹಕ್ಕರಕಿಯನ್ನು ಕಿತ್ತು, ಕೊಡವಿ, ಸೆರಗಿನಲ್ಲಿ ಒರೆಸಿ, ಹಸಿಯಾಗಿಯೇ ರೊಟ್ಟಿಯ ಮೇಲೆ ಇಟ್ಟು ಕೊಡುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಅದಕ್ಕೊಂದು ಹಾಡು ಕಟ್ಟಿದ್ದಳು:

ಹೊಲದ ಸಾಲಿನ ನಡುವ ಹಕ್ಕರಕಿ ಹಸರಾಗಿ
ಕೈಚಾಚಿ ನಮ್ಮ ಕರದಾವ | ಬಡವರ
ಬುತ್ತೀಗಿ ಬಂಗಾರ ಸುರದಾವ

ಹೀಗೆ ಎಲೆ ತಿಂದು ಬೆಳೆದ ಮೈ. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೂ ಹೋಳಿಗೆ ಮಾಡಿದ ದಿನವೂ ಪುಂಡಿಪಲ್ಯ ಬೇಕೆಂದು ಗಂಡನಿಂದ ಬೈಸಿಕೊಂಡವಳು. ಗಂಡ ದ್ಯಾಮಪ್ಪ ಗಿರಣಿಯಲ್ಲಿ ಬಿದಿರು ಇಳಿಸುವ ಕೆಲಸದವನು. ಅವರಿಗೆ ಸುವರ್ಣಾ ಒಬ್ಬಳೇ ಮಗಳು. ಮುಂಡಗೋಡದ ಕಡೆ ಹೊಲಮನೆ ಇದ್ದ ಮಹಾಬಳೇಶ್ವರನಿಗೆ ಕೊಟ್ಟಿದ್ದರು. ಮನೆ ಒಳ್ಳೆಯದು, ಅಳಿಯನೂ ಒಳ್ಳೆಯವನು. ಆದರೆ ಸುವರ್ಣಾಳಿಗೆ ಬಸಿರು ನಿಲ್ಲಲಿಲ್ಲ. ಒಂದು ಹೋಯಿತು, ಮತ್ತೊಂದೂ ಹೋಯಿತು. ಮೂರನೆಯದು ನಿಂತಿದೆ ಎಂಬ ಸುದ್ದಿ ಬಂದ ವಾರವೇ ಶಂಕ್ರೆವ್ವ ಗಂಡನನ್ನು ಹೊರಡಿಸಿಕೊಂಡು ಜೋಯಿಡಾದ ಮೇಲೆ ಉಳವಿಗೆ ಹೋದಳು.

ಅಲ್ಲಿನ ಶರಣರ ಗದ್ದಿಗೆಯ ಮುಂದೆ ನಿಂತಾಗ ಕೊಡುವುದಕ್ಕೆ ಅವಳ ಹತ್ತಿರ ಬಂಗಾರ ಇರಲಿಲ್ಲ, ಬೆಳ್ಳಿ ಇರಲಿಲ್ಲ. ತನ್ನ ಮೈಗೆ ಯಾವುದು ಎಲ್ಲಕ್ಕಿಂತ ಪ್ರೀತಿ ಎಂದು ಹುಡುಕಿದಳು. ಕಣ್ಣಿಗೆ ಹಸಿರು ಕಂಡಿತು. "ತಂದೆ, ಮಗಳ ಕೂಸು ಉಳಿಸು. ನನ್ನ ಜೀವ ಇರೂತನಕ ತಪ್ಪಲ ಮುಟ್ಟಂಗಿಲ್ಲ. ಯಾವ ತಪ್ಪಲಾನೂ" ಎಂದು ಬಾಯಿಬಿಟ್ಟು ಹೇಳಿದಳು. ಬೇರೆಯವರಾಗಿದ್ದರೆ ಒಂದು ಕಾಯಿಯನ್ನೋ ಒಂದು ಹಣ್ಣನ್ನೋ ಬಿಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ದ್ಯಾಮಪ್ಪ ಹೆಂಡತಿ ಬಿಡುವಾಗ ತಾನು ಸುಮ್ಮನೆ ನಿಲ್ಲುವುದು ಚೆನ್ನಲ್ಲ ಎಂದು, "ನಾನೂ ಹಾಗಲಕಾಯಿ ಬಿಟ್ನಿ ತಂದೆ," ಎಂದ. ಹುಟ್ಟಿದಾಗಿನಿಂದ ಅವನು ಹಾಗಲಕಾಯಿಯನ್ನು ಕಂಡರೆ ಮಾರು ದೂರ ಸರಿಯುವವನು. ಬರುವಾಗ ಬಸ್ಸಿನಲ್ಲಿ ಶಂಕ್ರೆವ್ವ ಅವನ ಜೊತೆ ಮಾತಾಡಲಿಲ್ಲ.

ಕೂಸು ಹುಟ್ಟಿತು. ತುಳಜಾ ಎಂದು ಹೆಸರಿಟ್ಟರು. ನಡೆಯಿತು, ಓಡಿತು, ಮಾತು ಕಲಿಯಿತು. ಮೊಮ್ಮಗಳಿಗೆ ಜ್ವರ ಬಂದು ಬಿಟ್ಟಾಗಲೆಲ್ಲ ಶಂಕ್ರೆವ್ವ ತನ್ನ ತಾಟಿನ ಬರಿಯ ಖಾರಬ್ಯಾಳಿಯನ್ನೂ ಶೇಂಗಾಚಟ್ನಿಯನ್ನೂ ನೋಡಿ, ಇದರಿಂದಲೇ ಉಳಿದದ್ದು ಎಂದುಕೊಳ್ಳುತ್ತಿದ್ದಳು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದಿಸುವಾಗ ಕಂಬಕ್ಕೆ ಒರಗಿ ಕೂತು ಒಂದು ಸಾಲೂ ಬಿಡದೆ ಕೇಳುವವಳು ಅವಳು. ಅಲ್ಲಿ ಮಾತು ಕೊಟ್ಟವರೆಲ್ಲ ಮಾತು ಉಳಿಸಿಕೊಂಡವರೇ. ಮಾತು ಉಳಿಸಿಕೊಂಡವರ ಮೈಯಲ್ಲಿ ರಕ್ತ ಎಷ್ಟಿತ್ತು ಎಂದು ಮಾತ್ರ ಯಾವ ಶಾಸ್ತ್ರಿಯೂ ಓದಲಿಲ್ಲ.

ಡಾಕ್ಟರಮ್ಮನ ಮಾತಿನಂತೆ ಚಹಾ ಬಿಟ್ಟಳು. ಊಟದ ಹಿಂದೆ ಮುಂದೆ ಎಂದು ತಾಸು ಎಣಿಸುವುದು ಯಾಕೆ ಎಂದು ಪೂರ್ತಿಯಾಗಿಯೇ ಬಿಟ್ಟಳು. ಇದ್ದ ಒಂದು ಸುಖವೂ ಹೋಯಿತು. ಗುಳಿಗೆ ನುಂಗಿದರೆ ಹೊಟ್ಟೆ ಕಿವುಚಿ ಬರುತ್ತಿತ್ತು. ಒಂದು ದಿನ ನುಂಗಿದರೆ ಎರಡು ದಿನ ಗೋಡೆಯ ಮಾಡದಲ್ಲೇ ಬಿಡುತ್ತಿದ್ದಳು. ಮಧ್ಯಾಹ್ನ ಮನೆಯಲ್ಲಿ ಮಲಗಿದರೆ ಗಿರಣಿಯ ಭೋಂಗಾ ಕೂಗಿದ್ದು ಯಾವ ಪಾಳಿಗೆ ಎಂದು ತಿಳಿಯುತ್ತಿರಲಿಲ್ಲ. ಮೈಯೊಳಗೆ ಯಾರೋ ಹತ್ತಿ ತುಂಬಿದಂತೆ, ಆ ಹತ್ತಿಯೂ ನೆನೆದಂತೆ ಆಗಿತ್ತು.

ದ್ಯಾಮಪ್ಪನಿಗೆ ಭಯ ಹೊಕ್ಕಿತು. ಅವನು ಭಯವನ್ನು ಮಾತಿನಲ್ಲಿ ಹೇಳುವವನಲ್ಲ. ಒಂದು ಐತವಾರ ಸಂತೆಯಿಂದ ಒಂದು ಚೀಲ ಹಾಗಲಕಾಯಿ ತಂದು ಅವಳ ಮುಂದೆ ಸುರಿದ.

"ಇದನ್ನ ಹುರದ ಕೊಡು."

"ಯಾರಿಗಿ?"

"ನನಗ. ಮತ್ಯಾರಿಗಿ?"

ಶಂಕ್ರೆವ್ವ ಅವನ ಮುಖ ನೋಡಿದಳು. ಎದ್ದು, ಕೊಯ್ದು, ಉಪ್ಪು ಹಚ್ಚಿ ಹಿಂಡಿ, ಹುರಿದು ಕೊಟ್ಟಳು. ಅವನು ಗೋಡೆಗೆ ಬೆನ್ನು ಹಚ್ಚಿ ಕೂತು ತಿಂದ. ಕಣ್ಣಲ್ಲಿ ನೀರು ಬಂದಿತು. ನಡುನಡುವೆ ನೀರು ಕುಡಿದ. ತಾಟು ಬರಿದಾದ ಮೇಲೆ ಬೆರಳು ನೆಕ್ಕುವ ಶಾಸ್ತ್ರವನ್ನೂ ಮಾಡಿದ.

"ನೋಡು. ಉಳವಿಯೊಳಗ ಬಿಟ್ಟದ್ದ ತಿಂದ್ನಿ. ಏನರೆ ಆತೇನು? ಗ್ವಾಡಿ ಬಿತ್ತೇನು? ದೇವರು ಅಷ್ಟ ಸಣ್ಣ ಮನಸಿನಾಂವ ಅಲ್ಲ. ನೀನೂ ತಿನ್ನು."

"ನಿಂದೇನು ಹರಕಿ," ಎಂದಳು ಶಂಕ್ರೆವ್ವ. ಸಿಟ್ಟಿರಲಿಲ್ಲ, ಸಿಟ್ಟು ಮಾಡುವ ಕಸುವಿರಲಿಲ್ಲ. "ಬ್ಯಾಡಾದ್ದ ಬಿಟ್ಟಿದ್ದಿ, ಬ್ಯಾಡಾದ್ದ ತಿಂದಿ. ದೇವರಿಗಿ ಅದು ನೆಪ್ಪರೆ ಐತೋ ಇಲ್ಲೋ. ನಂದು ಹಂಗಲ್ಲ. ನಾ ಬಿಟ್ಟದ್ದಕ್ಕ ಆಂವ ಒಂದ ಕೊಟ್ಟಾನ. ಈಗ ನಾ ತಿಂದ್ನಿ ಅಂದ್ರ ಆಂವ ಕೊಟ್ಟದ್ದ ತಿರುಗಿ ಬೇಡಿದ್ರ?"

ಮೊಮ್ಮಗಳ ಹೆಸರು ಇಬ್ಬರ ನಡುವೆ ಬಂದು ಕೂತಿತು. ಅದನ್ನು ಎತ್ತಿ ಆಚೆ ಇಡುವ ಧೈರ್ಯ ದ್ಯಾಮಪ್ಪನಿಗೂ ಇರಲಿಲ್ಲ. ರಾತ್ರಿಯ ಪಾಳಿಗೆ ಹೊರಡುವಾಗ, "ಸುವರ್ಣಾಗ ಬಾ ಅಂತ ಹೇಳಿ ಕಳಸೇನಿ," ಎಂದಷ್ಟೇ ಹೇಳಿ ಹೋದ.

ಸುವರ್ಣಾ ತುಳಜಾಳನ್ನು ಕರೆದುಕೊಂಡು ಬಂದಳು. ಅವಳು ಮತ್ತೆ ಬಸುರಿ, ಒಂದೂವರೆ ತಿಂಗಳಾಗಿತ್ತು. ಆ ಸಂತೋಷದ ಸುದ್ದಿಯನ್ನು ಹೊಸ್ತಿಲಲ್ಲೇ ಹೇಳಬೇಕೆಂದು ಬಂದವಳು, ಅವ್ವನನ್ನು ನೋಡಿ ಹೇಳುವುದನ್ನೇ ಮರೆತು, ರಾತ್ರಿ ಉಂಡ ಮೇಲೆ ಹೇಳಿದಳು. ಮರುದಿನ ತಾನೇ ದವಾಖಾನೆಗೆ ಕರೆದುಕೊಂಡು ಹೋದಳು. ರಕ್ತ ಏಳರಿಂದ ಆರೂವರೆಗೆ ಇಳಿದಿತ್ತು.

"ಚಹಾ ಬಿಟ್ಟಿದ್ದೀರಾ?" ಎಂದು ಕೇಳಿದಳು ಡಾಕ್ಟರಮ್ಮ.

"ಪೂರಾ ಬಿಟ್ಟೇನ್ರಿ."

"ಸೊಪ್ಪು ದಿನಾ ತಿಂತಿದ್ದೀರಲ್ಲ?"

ಮಗಳು ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ಶಂಕ್ರೆವ್ವನ ಕೆನ್ನೆಗೆ ತಿಳಿಯುತ್ತಿತ್ತು. ನಿನ್ನೆಯ ಊಟದಲ್ಲಿ ಎಲ್ಲರ ತಾಟಿಗೆ ರಾಜಗಿರಿ ಪಲ್ಯ ಬಿದ್ದು, ಅವ್ವನ ತಾಟಿಗೆ ಮಾತ್ರ ಚಟ್ನಿ ಬಿದ್ದದ್ದನ್ನು ಸುವರ್ಣಾ ನೋಡಿದ್ದಳು.

"ಅವ್ವಾ, ಮಾಡೂದು ಬ್ಯಾರೆ. ನೀ ತಿಂತಿ ಏನು?"

"ಇಲ್ಲ," ಎಂದಳು ಶಂಕ್ರೆವ್ವ. ಆಮೇಲೆ ಉಳಿದದ್ದನ್ನೂ ಹೇಳಿದಳು. ಹೆಚ್ಚು ಮಾತೇನೂ ಬೇಕಾಗಲಿಲ್ಲ.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು.

"ಹರಕೆಯ ವಿಷಯ ನನಗೆ ಹೇಳೋಕೆ ಬರಲ್ಲಮ್ಮ. ರಕ್ತದ ವಿಷಯ ಬರತ್ತೆ. ಸೊಪ್ಪಿನಲ್ಲಿ ಕಬ್ಬಿಣದ ಜೊತೆ ಇನ್ನೊಂದು ಸತ್ವ ಇದೆ. ರಕ್ತದ ಕಣ ಸರಿಯಾಗಿ ಬಲಿಯೋದಕ್ಕೆ ಅದು ಬೇಕು. ಗುಳಿಗೆಯಲ್ಲೂ ಅದನ್ನ ಕೊಡ್ತೀವಿ. ಗುಳಿಗೆ ನಿಮಗೆ ಒಗ್ಗುತ್ತಿಲ್ಲ, ಬೇರೆ ಬರೆದು ಕೊಡ್ತೀನಿ, ಊಟ ಮಾಡಿದ ಮೇಲೆ ತಗೊಳ್ಳಿ, ಬಿಡಬೇಡಿ. ಹದಿನೈದು ದಿನ ನೋಡೋಣ, ಆಗಲೂ ಏರದಿದ್ದರೆ ಹುಬ್ಬಳ್ಳಿಯೇ. ಬರೀ ಸೊಪ್ಪಿನಿಂದ ಇಷ್ಟು ಇಳಿದದ್ದು ಏರಲ್ಲ. ಆದರೆ ಸೊಪ್ಪಿಲ್ಲದೆ ಗುಳಿಗೆ ಎಷ್ಟು ದಿನ ನುಂಗ್ತೀರಿ?" ಬಸುರಿ ಎಂದು ಮೊದಲೇ ಹೇಳಿಕೊಂಡಿದ್ದ ಸುವರ್ಣಾಳ ಕಡೆ ತಿರುಗಿದಳು. "ನಿಮಗೂ ಹೇಳ್ತಿದ್ದೀನಿ. ಮೊದಲ ವಾರಗಳಲ್ಲಿ ಕೂಸಿನ ಬೆನ್ನುಹುರಿ ಕಟ್ಟೋದು ಅದೇ ಸತ್ವದಿಂದ. ನಿಮ್ಮ ಗುಳಿಗೆ ಬಿಡಬೇಡಿ. ಊಟದಲ್ಲೂ ಸೊಪ್ಪು ಇರಲಿ."

ದಾರಿಯುದ್ದಕ್ಕೂ ಸುವರ್ಣಾ ಅವ್ವ ಕೂತಲ್ಲಿ ಕೂತಳು, ಎದ್ದಲ್ಲಿ ಎದ್ದಳು. ಮನೆಯ ಬಾಗಿಲು ತೆಗೆಯುವಾಗ, "ನನ್ನ ಹೊಟ್ಟಿ ಸಲುವಾಗಿ ಹರಕಿ ಹೊತ್ತಿ. ನನ್ನ ಒಂದ ಮಾತು ಕೇಳಿದಿ ಏನು?" ಎಂದಳು.

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ನಿ."

ಅಂದು ಮಧ್ಯಾಹ್ನ ಶಂಕ್ರೆವ್ವ ಬಸುರಿ ಮಗಳಿಗೆಂದು ಮೆಂತೆಪಲ್ಯ ಮಾಡಿದಳು. ತುಸು ಬ್ಯಾಳಿ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ ಬಡಿಸಿದಳು. ಸುವರ್ಣಾ ಆ ಪಲ್ಯವನ್ನು ಬೆರಳಿನಿಂದ ತಾಟಿನ ಅಂಚಿಗೆ ಸರಿಸಿ, ಬರೀ ಚಟ್ನಿಯಲ್ಲಿ ರೊಟ್ಟಿ ಉಂಡಳು.

"ಯಾಕಬೆ, ಉಪ್ಪ ಕಡಮಿ ಆಗೇತೇನು?"

"ಉಪ್ಪ ಸರಿ ಐತಿ. ಇವತ್ತಿನಿಂದ ನಾನೂ ತಪ್ಪಲ ಬಿಟ್ಟೇನಿ. ನೀ ತಿನ್ನೂತನಕ."

ದ್ಯಾಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಶಂಕ್ರೆವ್ವ ಇದು ಹುಡುಗಾಟ ಎಂದುಕೊಂಡಳು. ಸಂಜೆ ರಾಜಗಿರಿ ಮಾಡಿದಳು. ಅದೂ ಅಂಚಿಗೆ ಸರಿಯಿತು. ಮರುದಿನ ಪುಂಡಿ, ಸುವರ್ಣಾಳಿಗೆ ಬಸಿರಿನಲ್ಲಿ ಹುಳಿ ಎಂದರೆ ಜೀವ. ಅವಳು ಗಂಟಲು ಅಲುಗಿಸಿ ಉಗುಳು ನುಂಗಿದ್ದನ್ನು ಶಂಕ್ರೆವ್ವ ನೋಡಿದಳು. ಆದರೂ ಕೈ ಅತ್ತ ಹೋಗಲಿಲ್ಲ.

"ಡಾಕ್ಟರ ಹೇಳಿದ್ದ ಕೇಳಿಲ್ಲೇನು? ಕೂಸಿನ ಬೆನ್ನು ಕಟ್ಟೂ ಹೊತ್ತಿದು."

"ಕೇಳೇನಿ. ಗುಳಿಗಿ ನುಂಗಾಕತ್ತೇನಿ. ತಪ್ಪಲ ಮಾತ್ರ ಇಲ್ಲ. ನೀ ನನ್ನ ಕೂಸಿನ ಸಲುವಾಗಿ ಬಿಟ್ಟಿ. ನಾ ನಮ್ಮವ್ವನ ಸಲುವಾಗಿ ಬಿಡತೇನಿ. ಅದರಾಗೇನ ತಪ್ಪೈತಿ?"

"ಹಟಮಾರಿ ಅದಿ."

"ಯಾರ ಮಗಳು?"

ದ್ಯಾಮಪ್ಪ ನಡುವೆ ಬಾಯಿ ಹಾಕಿದ. "ಇಬ್ಬರೂ ಬಿಡ್ರಿ. ಆ ಪುಂಡಿ ಎಲ್ಲಾ ನಾನ ತಿಂತೇನಿ. ಹಾಗಲಕಾಯಿ ತಿಂದವಗ ಇದೇನ ದೊಡ್ಡದಲ್ಲ." ಯಾರೂ ನಗಲಿಲ್ಲ. ಅವನೂ ತಾಟು ಸರಿಸಿ ಹೊರಗಿನ ಕಟ್ಟೆಗೆ ಹೋಗಿ ಕೂತ.

ಶಂಕ್ರೆವ್ವ ಗೋಡೆಗೆ ಒರಗಿದಳು. ಅವಳಿಗೆ ದಣಿವಾಗಿತ್ತು. ಮೈಯದು ಒಂದು ದಣಿವು, ಅದು ಹಳೆಯದು. ಇದು ಬೇರೆ. ಐದು ವರ್ಷ ಕೈಯಲ್ಲಿ ಹಿಡಿದು ನಿಂತ ತಕ್ಕಡಿಯ ದಣಿವು. ಒಂದು ತಟ್ಟೆಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ತಾನು ಎಂದು ತಿಳಿದಿದ್ದಳು. ತನ್ನ ತಟ್ಟೆ ಎಷ್ಟು ಕೆಳಗಿಳಿದರೂ ಅವಳಿಗೆ ಚಿಂತೆ ಇರಲಿಲ್ಲ. ಈಗ ಆ ತಟ್ಟೆಗೆ ಮಗಳು ಬಂದು ಕೂತಿದ್ದಳು, ಮಗಳ ಹೊಟ್ಟೆಯಲ್ಲಿ ಇನ್ನೂ ಬೆನ್ನು ಕಟ್ಟದ ಇನ್ನೊಂದು ಜೀವವೂ ಕೂತಿತ್ತು. ಅಂದು ಗದ್ದಿಗೆಯ ಮುಂದೆ ಕೇಳಿದ್ದು ಏನನ್ನು? ಈ ಹೊಟ್ಟೆಯನ್ನು ಕಾಯು ಎಂದು. ಕಾಯಲೆಂದು ಬಿಟ್ಟ ಎಲೆಯನ್ನು ಈಗ ಅದೇ ಹೊಟ್ಟೆ ಬೇಡುತ್ತಿದೆ. ಕೊಡದೆ ಹೋದರೆ ಯಾವ ಮಾತು ಉಳಿದಂತಾಯಿತು? ಕೊಟ್ಟರೆ ಯಾವ ಮಾತು ಹೋದಂತಾಯಿತು? ಶಾಸ್ತ್ರಿಗಳನ್ನು ಕೇಳಬಹುದು. ಉಳವಿಗೆ ಹೋಗಿ ಬಿಡುಗಡೆ ಬೇಡಬಹುದು. ಆದರೆ ಆ ಬಸ್ಸು ಹತ್ತುವ ಕಸುವು ಈ ಮೈಗೆ ಬರುವುದು ಎಲೆ ತಿಂದ ಮೇಲೆಯೇ. ಅದೂ ಒಂದು ನಗೆ ಬರುವ ಮಾತು.

ಅವಳು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು. ದೇವರ ಮುಂದೆ ಹೊಸದಾಗಿ ಏನನ್ನೂ ಬಿಡಲಿಲ್ಲ, ಏನನ್ನೂ ಬೇಡಲಿಲ್ಲ. "ತಂದೆ, ನಾ ಸೋತೇನಿ. ಸಿಟ್ಟ ಬಂದ್ರ ನನ್ನ ಮ್ಯಾಲ ಇರ್ಲಿ," ಎಂದಷ್ಟೇ ಅಂದಳು.

ಕಣ್ಣು ತೆರೆದು, "ತಾ ಇಲ್ಲಿ," ಎಂದಳು.

ಸುವರ್ಣಾ ತಾಟನ್ನು ಅವಳ ಹತ್ತಿರ ಸರಿಸಿದಳು. ಪುಂಡಿಪಲ್ಯ ತಣ್ಣಗಾಗಿತ್ತು. ಶಂಕ್ರೆವ್ವ ರೊಟ್ಟಿಯ ಚೂರಿನಲ್ಲಿ ಒಂದಿಷ್ಟು ಹಿಡಿದು ಬಾಯಿಗಿಟ್ಟಳು. ಹುಳಿ ಕೆನ್ನೆಯ ಒಳಗೆಲ್ಲ ಓಡಿತು, ದವಡೆ ಜುಮ್ಮೆಂದಿತು. ಇಷ್ಟು ವರ್ಷ ನೆನೆಸಿಕೊಂಡ ರುಚಿ ಅದಲ್ಲ, ಅದಕ್ಕಿಂತ ಒರಟು. ಬೆಳ್ಳುಳ್ಳಿ ತುಸು ಹೆಚ್ಚಾಗಿದೆ ಎಂದು ಅಡಿಗೆಯವಳ ನಾಲಗೆ ತಾನಾಗಿಯೇ ಹೇಳಿತು. ಕಣ್ಣೀರೇನೂ ಬರಲಿಲ್ಲ. ಅಗಿದಳು, ನುಂಗಿದಳು.

"ಈಗ ನೀ," ಎಂದಳು.

ಸುವರ್ಣಾ ದೊಡ್ಡ ತುತ್ತು ಮಾಡಿ ಬಾಯಿ ತುಂಬ ಹಾಕಿಕೊಂಡಳು. ಎರಡನೆಯದನ್ನೂ ಹಾಕಿಕೊಂಡಳು. ಎರಡು ದಿನದ ಹಟ ಕೆನ್ನೆಯಲ್ಲಿ ಉಬ್ಬಿತ್ತು.

ಅಷ್ಟರಲ್ಲಿ ಹೊರಗಿನಿಂದ ಓಡಿ ಬಂದ ತುಳಜಾ ಹೊಸ್ತಿಲ ಮೇಲೆ ನಿಂತು ಸೀನಿದಳು. ಮತ್ತೊಮ್ಮೆ ಸೀನಿದಳು. ಶಂಕ್ರೆವ್ವನ ಕೈ ತಾಟಿನ ಮೇಲೆ ನಿಂತುಬಿಟ್ಟಿತು. ಹುಡುಗಿ ಮೂಗನ್ನು ಅಜ್ಜಿಯ ಸೆರಗಿಗೆ ಒರೆಸಿ, "ಆಯೀ, ನೀ ಯಾಕ ಹಿಂಗ ನೋಡಾಕತ್ತಿ?" ಎಂದಳು.

"ಅದಕ್ಕ ಮೊನ್ನೆ ಬಸ್ಸಿನ ಗಾಳಿಗಿ ಥಂಡಿ ಆಗೇತಿ," ಎಂದಳು ಸುವರ್ಣಾ, ಬಾಯಿ ತುಂಬಿಕೊಂಡೇ. "ಬರೂವಾಗನ ಸೀನಾಕತ್ತಿತ್ತು. ನೀ ಉಣ್ಣವ್ವಾ."

ಶಂಕ್ರೆವ್ವ ಮೊಮ್ಮಗಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಕುತ್ತಿಗೆ ಮುಟ್ಟಿದಳು, ಅಲ್ಲಿಯೂ ಬಿಸಿಯಿಲ್ಲ. ಹುಡುಗಿ ಕಚಗುಳಿಯಾಗಿ ಕೊಸರಿಕೊಂಡು ಮತ್ತೆ ಹೊರಗೆ ಓಡಿದಳು. ಆ ಓಟದ ಸದ್ದು ಓಣಿಯ ತುದಿ ಮುಟ್ಟಿ ತಿರುಗಿ ಬರುವವರೆಗೆ ಶಂಕ್ರೆವ್ವ ಕೇಳಿಸಿಕೊಳ್ಳುತ್ತ ಕೂತಳು. ಇನ್ನು ಮೇಲೆ ಆ ಹುಡುಗಿಯ ಪ್ರತಿ ಸೀನು, ಪ್ರತಿ ಕೆಮ್ಮು ತನ್ನ ಎದೆಯಲ್ಲಿಯೇ ಆಗುತ್ತದೆ ಎಂದು ಅವಳಿಗೆ ತಿಳಿದಿತ್ತು. ಅದನ್ನು ತಾಳುವುದಕ್ಕೂ ಮೈಯಲ್ಲಿ ರಕ್ತ ಬೇಕು.

ಅವಳು ಇನ್ನೊಂದು ತುತ್ತು ಮುರಿದಳು.